ಕನಕಪುರ ರಸ್ತೆಯಲ್ಲಿ ಅರ್ಧಕ್ಕೆ ನಿಂತ ಅಪಾರ್ಟ್‌ಮೆಂಟ್: ಹಣ ವಾಪಸು ಕೇಳುವುದೋ, ಕಟ್ಟಿ ಮುಗಿಸಿಕೊಳ್ಳುವುದೋ?

ವಾಜರಹಳ್ಳಿ ನಿವಾಸಿ

ಎಲ್ಲರಿಗೂ ನಮಸ್ಕಾರ. ಯಲಚೇನಹಳ್ಳಿಯವರೆಗೆ ಮಾತ್ರ ಇದ್ದ ಬೆಂಗಳೂರಿನ ಹಸಿರು ಮಾರ್ಗದ ಮೆಟ್ರೊ 2021ರ ಜನವರಿಯಲ್ಲಿ ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರಗಳನ್ನು ದಾಟಿ ರೇಷ್ಮೆ ಸಂಸ್ಥೆಯವರೆಗೆ ಬಂತು. ಅಲ್ಲಿಂದೀಚೆಗೆ ನಮ್ಮ ಕಡೆಯ ನೆಲದ ಬೆಲೆ, ಮನೆ ಬಾಡಿಗೆ, ಬೀದಿಗಳ ಚಹರೆ ಎಲ್ಲವೂ ಬದಲಾಗಿರುವುದು ಇಲ್ಲಿರುವವರಿಗೆ ಗೊತ್ತೇ ಇದೆ. ಆದರೆ ಮೆಟ್ರೊ ಬರುತ್ತದೆ ಎಂಬ ಮಾತನ್ನೇ ಮುಂದಿಟ್ಟುಕೊಂಡು, ಅದು ಬರುವುದಕ್ಕೆ ಹಲವು ವರ್ಷ ಮೊದಲೇ ಮಾರಾಟವಾದ ಯೋಜನೆಗಳಲ್ಲಿ ಕೆಲವು ಇನ್ನೂ ಮುಗಿದಿಲ್ಲ. ಅಂಥದ್ದೊಂದು ನಮ್ಮ ಮನೆಯ ಹಿಂಗೋಡೆಗೆ ಹೊಂದಿಕೊಂಡಿದೆ.

ಮೂರು ಬ್ಲಾಕ್‌ಗಳ ಯೋಜನೆ ಅದು. ಎ ಬ್ಲಾಕ್ ಕೊನೆಯ ಮಹಡಿಯವರೆಗೆ ಎದ್ದು, ಗೋಡೆ ಕಟ್ಟಿ, ಸಾರಣೆಯ ಕೆಲಸ ಅರ್ಧದಲ್ಲಿದ್ದಾಗ ನಿಂತಿತು. ಬಿ ಬ್ಲಾಕ್‌ನ ಕಂಬಗಳು ನಡುವಿನ ಮಹಡಿಯಲ್ಲಿಯೇ ಕಂಬಿ ಚಾಚಿಕೊಂಡು ನಿಂತಿವೆ. ಸಿ ಬ್ಲಾಕ್ ಎಂದರೆ ನೆಲಮಾಳಿಗೆಗೆಂದು ತೋಡಿದ ಗುಂಡಿ ಮಾತ್ರ, ಅದರ ತುಂಬ ಮಳೆ ನೀರು. ಆ ಗುಂಡಿಯ ಅಂಚು ಪ್ರತಿ ಮಳೆಗಾಲದಲ್ಲಿಯೂ ಸ್ವಲ್ಪ ಸ್ವಲ್ಪವೇ ಕುಸಿಯುತ್ತ ಬಂದು, ಈಗ ನಮ್ಮ ಸಾಲಿನ ಕಾಂಪೌಂಡ್ ಗೋಡೆಗಳಲ್ಲಿ ಬಿರುಕು ಕಾಣಿಸಿಕೊಂಡಿದೆ. ಸೊಳ್ಳೆಯ ಕಾಟವನ್ನಂತೂ ಹೇಳಬೇಕಾಗಿಯೇ ಇಲ್ಲ.

ಮನೆ ಕೊಂಡವರಲ್ಲಿ ಹಲವರು ಭಾನುವಾರಗಳಂದು ಗೇಟಿನ ಹೊರಗೆ ಸೇರುತ್ತಾರೆ. ಹಣ ವಾಪಸು ಬೇಕು ಎನ್ನುವವರು ಒಂದು ಗುಂಪು, ಹೇಗಾದರೂ ಕಟ್ಟಿ ಮುಗಿಸಿಕೊಡಲಿ ಎನ್ನುವವರು ಇನ್ನೊಂದು ಗುಂಪು. ಆ ಎರಡು ಗುಂಪುಗಳ ನಡುವೆ ಮಾತುಕತೆಯೇ ನಿಂತಂತಿದೆ. ಮನೆ ಕೊಳ್ಳದ ನಾನು ಇದನ್ನು ಕೇಳುವುದು ಸರಿಯೇ ಎಂದು ಯಾರಿಗಾದರೂ ಅನ್ನಿಸಬಹುದು. ಊರಿನ ಮಧ್ಯೆ ಇಷ್ಟು ದೊಡ್ಡ ಜಾಗ ಹೀಗೆ ಬಿದ್ದಿರುವಾಗ ಅದು ಬಿಲ್ಡರ್ ಮತ್ತು ಖರೀದಿದಾರರ ಖಾಸಗಿ ವ್ಯವಹಾರವಾಗಿ ಉಳಿಯುವುದಿಲ್ಲ ಎಂದು ನಾನು ನಂಬಿದ್ದೇನೆ. ಬಲ್ಲವರು ದಯವಿಟ್ಟು ತಿಳಿಸಿ: ಇದು ಮುಗಿಯುವ ದಾರಿ ಯಾವುದು?

ಬಿ ಬ್ಲಾಕ್ ಖರೀದಿದಾರ

ನಾನು ಮೊದಲನೆಯ ಗುಂಪಿನವನು. ಏಕೆ ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ. ಕಟ್ಟಡದ ಹಂತಕ್ಕೆ ತಕ್ಕಂತೆ ಬ್ಯಾಂಕ್ ಸಾಲ ಬಿಡುಗಡೆಯಾಗುವ ಒಪ್ಪಂದ ನಮ್ಮದು. ಬಿಡುಗಡೆಯಾದಷ್ಟು ಹಣಕ್ಕೆ ಬಡ್ಡಿಯ ಕಂತನ್ನು ಅಂದಿನಿಂದ ಕಟ್ಟುತ್ತಿದ್ದೇನೆ, ಅದರ ಜೊತೆಗೆ ವಾಸದ ಮನೆಗೆ ಬಾಡಿಗೆ ಬೇರೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಗೃಹಸಾಲದ ಬಡ್ಡಿಗೆ 2 ಲಕ್ಷ ರೂಪಾಯಿಯವರೆಗೆ ಸಿಗುವ ವಿನಾಯಿತಿಯೂ ಸಾಲ ಪಡೆದ ಆರ್ಥಿಕ ವರ್ಷದ ಕೊನೆಯಿಂದ 5 ವರ್ಷಗಳೊಳಗೆ ಮನೆ ಪೂರ್ಣಗೊಂಡರೆ ಮಾತ್ರ. ಆ ಗಡುವು ಮೀರಿದರೆ ಅದು 30,000 ರೂಪಾಯಿಗೆ ಇಳಿಯುತ್ತದೆ. ಮನೆ ಪೂರ್ಣಗೊಳ್ಳುವವರೆಗೆ ಅದೂ ಇಲ್ಲ. ಬಿಲ್ಡರ್ ಮಾಡಿದ ವಿಳಂಬಕ್ಕೆ ದಂಡ ತೆರುತ್ತಿರುವವನು ನಾನು.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಾಧಿಕಾರದಲ್ಲಿ ದೂರು ಕೊಟ್ಟೆ. ಕಟ್ಟಿದ ಹಣವನ್ನೆಲ್ಲ ಬಡ್ಡಿಸಹಿತ ಹಿಂದಿರುಗಿಸಬೇಕೆಂದು ಆದೇಶವೂ ಆಯಿತು. ಸ್ಟೇಟ್ ಬ್ಯಾಂಕಿನ ಎಂಸಿಎಲ್ಆರ್ ದರದ (ಸಾಲದ ಮೂಲ ಬಡ್ಡಿದರದ) ಮೇಲೆ ಶೇ 2 ಸೇರಿಸಿ ಬಡ್ಡಿ ಲೆಕ್ಕ ಹಾಕುವುದು ನಮ್ಮ ರಾಜ್ಯದ ನಿಯಮ. ಆದೇಶದ ಪ್ರತಿ ಕೈಗೆ ಬಂದ ದಿನ ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಗಿತ್ತು. ಬಿಲ್ಡರ್ ಹಣ ಕೊಡಲಿಲ್ಲ. ವಸೂಲಾತಿ ಪ್ರಮಾಣಪತ್ರ ಹೊರಟು, ಕಡತ ತಾಲ್ಲೂಕು ಕಚೇರಿಗೆ ಹೋಯಿತು. ಅದು ಇನ್ನೂ ಅಲ್ಲಿಯೇ ಇದೆ.

ಇಷ್ಟಾದರೂ ನಾನು ಹಣವನ್ನೇ ಕೇಳುತ್ತೇನೆ. ನಾವು ಮನೆ ಕೊಳ್ಳಲು ಬಂದವರೇ ಹೊರತು ಕಟ್ಟಡ ಕಟ್ಟಿಸುವ ವ್ಯಾಪಾರಕ್ಕೆ ಇಳಿದವರಲ್ಲ. ಹಂತ ಹಂತಕ್ಕೂ ಕೇಳಿದಷ್ಟು ಹಣ ತೆತ್ತವನಿಗೆ "ಇನ್ನಷ್ಟು ಹಾಕು, ನಾವೇ ಮುಗಿಸೋಣ" ಎಂದು ಹೇಳುವುದು ಯಾವ ನ್ಯಾಯ?

ಕಂದಾಯ ಇಲಾಖೆಯ ನಿವೃತ್ತ ನೌಕರ

ತಾವು ಹೇಳಿದ ಕಡತ ಏಕೆ ಕದಲುವುದಿಲ್ಲ ಎಂಬುದನ್ನು ಒಳಗಿದ್ದವನಾಗಿ ಹೇಳಬಲ್ಲೆ. ರೇರಾ ಕಾಯ್ದೆಯ 40ನೇ ಕಲಮಿನ ಪ್ರಕಾರ ಬಾಕಿ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕು. ಪ್ರಾಧಿಕಾರಕ್ಕೆ ವಸೂಲಿ, ಜಪ್ತಿ ಮಾಡುವ ಸ್ವಂತ ಅಮೀನರಿಲ್ಲ. ಪ್ರಮಾಣಪತ್ರ ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ, ಅವರು ತಹಶೀಲ್ದಾರರಿಗೆ ಕಳುಹಿಸುತ್ತಾರೆ. ಅದೇ ತಹಶೀಲ್ದಾರರ ಮೇಜಿನ ಮೇಲೆ ಪಹಣಿ ತಿದ್ದುಪಡಿ, ಒತ್ತುವರಿ ತೆರವು, ಚುನಾವಣೆ, ಮಳೆ ಹಾನಿ ಎಲ್ಲವೂ ಇರುತ್ತವೆ.

ಕೆಲಸದ ಒತ್ತಡವೊಂದೇ ಕಾರಣವಲ್ಲ. ನೋಟಿಸು ಹೊತ್ತು ಗ್ರಾಮ ಆಡಳಿತಾಧಿಕಾರಿ ಬಿಲ್ಡರ್‌ನ ವಿಳಾಸಕ್ಕೆ ಹೋದರೆ ಅಲ್ಲಿ ಬಾಡಿಗೆ ಕಚೇರಿ ಇದ್ದು, ಅದು ಖಾಲಿಯಾಗಿರುತ್ತದೆ. ಕಂಪನಿಯ ಆಸ್ತಿ ಇನ್ನೊಂದು ತಾಲ್ಲೂಕಿನಲ್ಲಿರುತ್ತದೆ. ಇರುವ ಆಸ್ತಿಯೂ ಬ್ಯಾಂಕಿಗೆ ಅಡಮಾನವಾಗಿರುತ್ತದೆ. ಯಾವುದನ್ನು ಜಪ್ತಿ ಮಾಡಬೇಕು ಎಂಬ ಮಾಹಿತಿಯೇ ಕಡತದಲ್ಲಿ ಇಲ್ಲದಿದ್ದರೆ "ಜಪ್ತಿಗೆ ಯೋಗ್ಯ ಆಸ್ತಿ ಕಂಡುಬಂದಿಲ್ಲ" ಎಂಬ ಷರಾ ಬರೆದು ಹಿಂದಿರುಗಿಸುವುದು ಸುಲಭ. ಆದ್ದರಿಂದ ಅರ್ಜಿದಾರರೇ ಕಂಪನಿಯ ಮತ್ತು ಅದರ ಸೋದರ ಕಂಪನಿಗಳ ಹೆಸರಿನಲ್ಲಿರುವ ಆಸ್ತಿಗಳ ಸರ್ವೆ ನಂಬರು, ಪಹಣಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಪಡೆದ ಋಣಭಾರ ಪತ್ರ, ಮಾರಾಟವಾಗದೆ ಉಳಿದ ಫ್ಲ್ಯಾಟುಗಳ ಪಟ್ಟಿ ಇವನ್ನು ಜೋಡಿಸಿ ತಹಶೀಲ್ದಾರರಿಗೆ ಲಿಖಿತವಾಗಿ ಕೊಡಬೇಕು. ಒಬ್ಬೊಬ್ಬರೇ ಹೋಗುವ ಬದಲು, ಒಂದೇ ಯೋಜನೆಯ ಎಲ್ಲ ಪ್ರಮಾಣಪತ್ರಗಳನ್ನೂ ಸೇರಿಸಿ ಒಂದೇ ಮನವಿ ಕೊಡುವುದು ಒಳ್ಳೆಯದು.

ಇದರಲ್ಲಿ ಒಂದು ತೊಡಕಿದೆ. ಇಷ್ಟೆಲ್ಲ ಮಾಡಿದ ಮೇಲೂ ಜಪ್ತಿಗೆ ಸಿಗುವ ಬೆಲೆಬಾಳುವ ಆಸ್ತಿ ಯಾವುದೆಂದು ಹುಡುಕಿದರೆ, ಬಹಳಷ್ಟು ಸಲ ಅದು ಆ ಅರ್ಧಕ್ಕೆ ನಿಂತ ಕಟ್ಟಡದಲ್ಲಿ ಬಿಲ್ಡರ್ ಪಾಲಿಗೆ ಉಳಿದ ಫ್ಲ್ಯಾಟುಗಳೇ ಆಗಿರುತ್ತವೆ. ಮುಗಿಯದ ಫ್ಲ್ಯಾಟನ್ನು ಹರಾಜಿಗಿಟ್ಟರೆ ಕೊಳ್ಳಲು ಯಾರು ಬರುತ್ತಾರೆ?

ವಕೀಲರು, ಬನಶಂಕರಿ

ಮೇಲಿನವರ ಕೊನೆಯ ಮಾತಿನಿಂದಲೇ ಮುಂದುವರಿಸುತ್ತೇನೆ, ಏಕೆಂದರೆ ವಿಷಯದ ತಿರುಳು ಅಲ್ಲಿದೆ. ರೇರಾ ಕಾಯ್ದೆಯ 18ನೇ ಕಲಮು ಖರೀದಿದಾರನಿಗೆ ಎರಡು ದಾರಿ ಕೊಡುತ್ತದೆ. ಯೋಜನೆಯಿಂದ ಹೊರಬಂದು ಬಡ್ಡಿಸಹಿತ ಹಣ ಕೇಳಬಹುದು. ಇಲ್ಲವೇ ಯೋಜನೆಯಲ್ಲಿಯೇ ಉಳಿದು, ಸ್ವಾಧೀನ ಸಿಗುವವರೆಗೆ ವಿಳಂಬದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ಹಣ ವಾಪಸು ಕೇಳುವ ಹಕ್ಕು ಯಾವ ಷರತ್ತಿಗೂ ಒಳಪಟ್ಟಿಲ್ಲವೆಂದು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಬಿ ಬ್ಲಾಕ್‌ನ ಸಹೋದರರು ಕೇಳುತ್ತಿರುವುದು ಪೂರ್ತಿ ನ್ಯಾಯವಾದದ್ದೇ. ಆದರೆ ಹಕ್ಕು ಇರುವುದು ಒಂದು, ಆ ಹಕ್ಕಿನಿಂದ ಹಣ ಬರುವುದು ಇನ್ನೊಂದು. ಬಿಲ್ಡರ್ ಬಳಿ ಹಣವಿದ್ದೂ ಕೊಡದಿದ್ದರೆ ವಸೂಲಾತಿ ಕೆಲಸ ಮಾಡುತ್ತದೆ. ಹಣವೇ ಬೇರೆಡೆಗೆ ಹರಿದುಹೋಗಿದ್ದರೆ ಆದೇಶಗಳ ಸಂಖ್ಯೆ ಹೆಚ್ಚುತ್ತದೆಯೇ ವಿನಾ ಹಣ ಬರುವುದಿಲ್ಲ.

ಖರೀದಿದಾರರಿಂದ ಬಂದ ಹಣದ ಶೇ 70 ಭಾಗವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಎಂಜಿನಿಯರ್, ಆರ್ಕಿಟೆಕ್ಟ್ ಮತ್ತು ಲೆಕ್ಕಪರಿಶೋಧಕರ ಪ್ರಮಾಣಪತ್ರದ ಮೇಲೆ, ಕೆಲಸ ನಡೆದಷ್ಟು ಪ್ರಮಾಣದಲ್ಲಿ ಮಾತ್ರ ತೆಗೆಯಬೇಕೆಂದು ಕಾಯ್ದೆ ಹೇಳುತ್ತದೆ. ಕರ್ನಾಟಕದ ನಿಯಮಗಳು ಬಂದದ್ದು 2017ರ ಜುಲೈನಲ್ಲಿ. ನಿಮ್ಮ ಯೋಜನೆ ಅದಕ್ಕೂ ಮೊದಲು ಮಾರಾಟ ಶುರುವಾದದ್ದಾಗಿದ್ದರೆ, ಹಣದ ದೊಡ್ಡ ಪಾಲು ಆ ಖಾತೆ ಹುಟ್ಟುವುದಕ್ಕೂ ಮೊದಲೇ ಖರ್ಚಾಗಿರಬಹುದು. ಅದಕ್ಕಾಗಿ ಮೊದಲು ಮಾಡಬೇಕಾದದ್ದು ಲೆಕ್ಕ: ಎಷ್ಟು ಬಂತು, ಎಷ್ಟು ಕಟ್ಟಡಕ್ಕೆ ಹೋಯಿತು, ಯಾವ ಬ್ಯಾಂಕಿಗೆ ಏನು ಅಡಮಾನವಾಗಿದೆ, ಮಾರಾಟವಾಗದೆ ಎಷ್ಟು ಉಳಿದಿದೆ. ಬಿಲ್ಡರ್ ಮೂರು ತಿಂಗಳಿಗೊಮ್ಮೆ ರೇರಾ ಜಾಲತಾಣದಲ್ಲಿ ತುಂಬಿದ ವಿವರಗಳನ್ನೇ ಒಂದರ ಪಕ್ಕ ಒಂದಿಟ್ಟು ಓದಿದರೆ ಎಷ್ಟೋ ಸಂಗತಿ ಹೊರಬರುತ್ತದೆ.

ನನ್ನ ಅಭಿಪ್ರಾಯದಲ್ಲಿ ನೀವೆಲ್ಲರೂ ಗಮನ ಕೊಡಬೇಕಾದದ್ದು 8ನೇ ಕಲಮಿಗೆ. ಯೋಜನೆಯ ನೋಂದಣಿ ಅವಧಿ ಮುಗಿದಾಗ ಅಥವಾ ರದ್ದಾದಾಗ, ಉಳಿದ ಕೆಲಸವನ್ನು ಯಾರಿಂದ ಮುಗಿಸಬೇಕೆಂದು ಪ್ರಾಧಿಕಾರ ಸರ್ಕಾರದೊಡನೆ ಸಮಾಲೋಚಿಸಿ ತೀರ್ಮಾನಿಸಬಹುದು. ಆ ಕೆಲಸವನ್ನು ವಹಿಸಿಕೊಳ್ಳುವ ಮೊದಲ ಅವಕಾಶ ಖರೀದಿದಾರರ ಸಂಘಕ್ಕೆ ಇರುತ್ತದೆ. ಗಮನಿಸಿ, ಸಂಘಕ್ಕೆ. ಹತ್ತು ದೂರುದಾರರ ಹತ್ತು ಪ್ರಕರಣಗಳಿಗೆ ಈ ಹಕ್ಕು ಇಲ್ಲ. ಸಂಘವಿಲ್ಲದಿದ್ದರೆ ಕಾಯ್ದೆಯ ಅತ್ಯಂತ ಬಲವಾದ ಈ ಅಸ್ತ್ರ ಕಪಾಟಿನಲ್ಲೇ ಉಳಿಯುತ್ತದೆ.

ದಿವಾಳಿ ಸಂಹಿತೆಯ ದಾರಿಯೂ ಇದೆ. 2018ರಿಂದ ಖರೀದಿದಾರರು ಅಲ್ಲಿ ಕಂಪನಿಗೆ ಹಣಕಾಸು ಸಾಲ ಕೊಟ್ಟವರ ಸ್ಥಾನದಲ್ಲಿದ್ದಾರೆ. ಆದರೆ ಅರ್ಜಿ ಹಾಕಲು ಒಂದೇ ಯೋಜನೆಯ ಕನಿಷ್ಠ 100 ಜನ ಅಥವಾ ಒಟ್ಟು ಖರೀದಿದಾರರ ಶೇ 10, ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕು. ಅರ್ಜಿ ಅಂಗೀಕಾರವಾದ ಕ್ಷಣದಿಂದ ಕಂಪನಿಯ ಮೇಲಿನ ಉಳಿದೆಲ್ಲ ವಸೂಲಾತಿ ಸ್ಥಗಿತವಾಗುತ್ತದೆ. ಕೊನೆಯ ಉಪಾಯವಾಗಿ ಮಾತ್ರ ಅದನ್ನು ಇಟ್ಟುಕೊಳ್ಳಿ.

ಸ್ಟ್ರಕ್ಚರಲ್ ಎಂಜಿನಿಯರ್

ಕಾನೂನಿನ ಮಾತು ನಡೆಯುತ್ತಿರುವಾಗ ಕಟ್ಟಡದ ಮಾತನ್ನೂ ಸೇರಿಸಬೇಕು. ಎಲ್ಲರೂ ಕಟ್ಟಡ ನಿಂತ ದಿನ ಹೇಗಿತ್ತೋ ಹಾಗೆಯೇ ಕಾಯುತ್ತಿರುತ್ತದೆ ಎಂದು ಭಾವಿಸಿ ಲೆಕ್ಕ ಹಾಕುತ್ತಾರೆ. ಅದು ಹಾಗೆ ಕಾಯುವುದಿಲ್ಲ.

ಸಾರಣೆಯಾಗದ ಕಾಂಕ್ರೀಟ್ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರುತ್ತದೆ. ಹೊಸ ಕಾಂಕ್ರೀಟಿನ ಕ್ಷಾರ ಗುಣ ಒಳಗಿನ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುತ್ತಿರುತ್ತದೆ. ಇದರಿಂದ ಆ ಗುಣ ಮೇಲ್ಪದರದಿಂದ ಒಳಕ್ಕೆ ವರ್ಷ ವರ್ಷವೂ ಕಡಿಮೆಯಾಗುತ್ತ ಹೋಗಿ, ಆ ಇಳಿಕೆ ಕಂಬಿಯನ್ನು ಮುಟ್ಟಿದಾಗ, ಮಳೆಯ ತೇವವೂ ಸೇರಿ ತುಕ್ಕು ಆರಂಭವಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಕಾಂಕ್ರೀಟ್ ಒಳಗಿನಿಂದಲೇ ಬಿರಿಯುತ್ತದೆ. ಎ ಬ್ಲಾಕ್‌ನಲ್ಲಿ ಸಾರಣೆಯಾದ ಭಾಗಗಳು ಇದರಿಂದ ಸಾಕಷ್ಟು ಪಾರಾಗಿರಬಹುದು. ಶೌಚಾಲಯದ ತಗ್ಗು ಸ್ಲ್ಯಾಬುಗಳು, ನೀರು ನಿಲ್ಲುವ ಬಾಲ್ಕನಿಗಳು ಮತ್ತು ಛಾವಣಿಯ ಮೂಲೆಗಳನ್ನು ಮೊದಲು ನೋಡಬೇಕು.

ಬಿ ಬ್ಲಾಕ್‌ನ ಚಾಚಿಕೊಂಡ ಕಂಬಿಗಳು ಬೇರೆಯೇ ಸಮಸ್ಯೆ. ಕೆಲಸ ನಿಲ್ಲಿಸುವಾಗ ಅವುಗಳಿಗೆ ಸಿಮೆಂಟ್ ಹಾಲು ಬಳಿದು ಮುಚ್ಚುವುದು ರೂಢಿ. ಹಣವಿಲ್ಲದೆ ನಿಂತ ಕೆಲಸದಲ್ಲಿ ಅದನ್ನು ಮಾಡುವವರು ಯಾರು? ತುಕ್ಕು ಉಜ್ಜಿ ತೆಗೆದ ಮೇಲೆ ಕಂಬಿಯ ದಪ್ಪ ಅಳೆಯಬೇಕು. ಸವೆತ ಹೆಚ್ಚಾಗಿದ್ದರೆ ಕಾಂಕ್ರೀಟನ್ನು ಗಟ್ಟಿ ಕಂಬಿ ಸಿಗುವವರೆಗೆ ಒಡೆದು, ಹೊಸ ಕಂಬಿ ಜೋಡಿಸಿ ಮೇಲೇರಬೇಕಾಗುತ್ತದೆ.

ಇದೆಲ್ಲವನ್ನೂ ಕಣ್ಣಳತೆಯಲ್ಲಿ ಹೇಳುವಂತಿಲ್ಲ. ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆ, ಕೆಲವೆಡೆ ಕೋರ್ ತೆಗೆದು ಒತ್ತಡ ಪರೀಕ್ಷೆ, ತುಕ್ಕಿನ ಸಾಧ್ಯತೆ ತಿಳಿಯಲು ಹಾಫ್‌ಸೆಲ್ ಪರೀಕ್ಷೆ ಮಾಡಿಸಿ, ಬಿಲ್ಡರ್‌ಗೆ ಸಂಬಂಧವಿಲ್ಲದ ಎಂಜಿನಿಯರ್‌ನಿಂದ ವರದಿ ಪಡೆಯಬೇಕು. ಹಣ ವಾಪಸು ಕೇಳುವವರಿಗೂ ಈ ವರದಿ ಬೇಕು ಎಂಬುದು ನನ್ನ ಬಲವಾದ ಅನಿಸಿಕೆ. ವಸೂಲಾತಿಗೆ ಆಧಾರವಾಗಿರುವ ಆಸ್ತಿಯ ಬೆಲೆಯೇ ಈ ಕಟ್ಟಡದ ಸ್ಥಿತಿಯ ಮೇಲೆ ನಿಂತಿದೆ. ಪ್ರತಿ ಮಳೆಗಾಲವೂ ಎರಡೂ ಗುಂಪುಗಳ ಹಣವನ್ನು ಸಮನಾಗಿ ಕರಗಿಸುತ್ತಿದೆ.

ಸೆಂಟ್ರಿಂಗ್ ಮೇಸ್ತ್ರಿ

ಇದೇ ರಸ್ತೆಯ ಇನ್ನೊಂದು ಯೋಜನೆಯಲ್ಲಿ ಕೆಲಸ ಮಾಡಿದವನು ನಾನು. ಕೆಲಸ ಒಂದೇ ದಿನ ನಿಲ್ಲುವುದಿಲ್ಲ ಎಂಬುದನ್ನು ಮನೆ ಕೊಂಡವರು ತಿಳಿದಿರಬೇಕು. ಮೊದಲು ಕಂಬಿ ಕಟ್ಟುವವರ ಬಿಲ್ಲು ತಡವಾಗುತ್ತದೆ. ಆಮೇಲೆ ರೆಡಿಮಿಕ್ಸ್ ಲಾರಿ ಸಾಲಕ್ಕೆ ಬರುವುದನ್ನು ನಿಲ್ಲಿಸುತ್ತದೆ. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಕೂಲಿಯವರು ಹಬ್ಬಕ್ಕೆಂದು ಊರಿಗೆ ಹೋದವರು ಹಿಂದಿರುಗುವುದಿಲ್ಲ. ಗೇಟಿನಲ್ಲಿ ಕೆಲಸಗಾರರು ಕಾಣಲಿ ಎಂದು ನಾಲ್ಕಾರು ಜನರನ್ನು ಮಾತ್ರ ಇಟ್ಟುಕೊಂಡು ಕೆಲವು ತಿಂಗಳು ತಳ್ಳುತ್ತಾರೆ. ಬಾಡಿಗೆ ಬಾಕಿಗಾಗಿ ಕ್ರೇನ್ ಬಿಚ್ಚಿಕೊಂಡು ಹೋದ ದಿನ ನಮಗೆಲ್ಲ ಖಾತ್ರಿಯಾಗುತ್ತದೆ.

ನಮ್ಮ ತಂಡಕ್ಕೆ ಬರಬೇಕಾದ ಹಣ ಅಲ್ಲಿ ಇನ್ನೂ ಬಾಕಿ ಇದೆ. ಖರೀದಿದಾರರಿಗೆ ರೇರಾ ಇದೆ. ನಮ್ಮ ಬಳಿ ಕೈಬರಹದ ಅಳತೆ ಪುಸ್ತಕವೊಂದೇ ಇರುವುದು. ಸಂಘದವರು ಕಟ್ಟಡ ವಹಿಸಿಕೊಳ್ಳುವುದಾದರೆ ಹಳೆಯ ಮೇಸ್ತ್ರಿಗಳನ್ನು ಕರೆದು ಕೇಳಿ. ಯಾವ ಕಂಬಕ್ಕೆ ಯಾವ ದಿನ ಕಾಂಕ್ರೀಟ್ ಹಾಕಿದ್ದು, ಎಲ್ಲಿ ಅವಸರ ಮಾಡಿದ್ದು ಎಂಬುದು ನಕ್ಷೆಯಲ್ಲಿ ಇರುವುದಿಲ್ಲ, ನಮ್ಮಂಥವರಿಗೆ ಗೊತ್ತಿರುತ್ತದೆ.

ಜಮೀನು ಕೊಟ್ಟ ಮನೆಯವರು

ಇಲ್ಲಿಯವರೆಗೆ ಎಲ್ಲರೂ ಬಿಲ್ಡರ್ ಮತ್ತು ಖರೀದಿದಾರರ ಬಗ್ಗೆಯೇ ಮಾತನಾಡಿದ್ದೀರಿ. ಆ ನೆಲ ನಮ್ಮ ಅಜ್ಜನ ಕಾಲದಿಂದ ಉತ್ತು ಬಿತ್ತಿದ ನೆಲ. ಸುತ್ತಲೂ ಬಡಾವಣೆಗಳು ಎದ್ದು, ನೀರಿನ ಹಾದಿಗಳು ಮುಚ್ಚಿಹೋಗಿ, ಬೇಸಾಯ ಕೈಹಿಡಿಯದಂತಾದ ಮೇಲೆ ಜಂಟಿ ಅಭಿವೃದ್ಧಿ ಒಪ್ಪಂದಕ್ಕೆ ಸಹಿ ಹಾಕಿದೆವು. ಜಮೀನು ನಮ್ಮದು, ಕಟ್ಟುವ ಖರ್ಚು ಅವರದು, ಮುಗಿದ ಮೇಲೆ ಫ್ಲ್ಯಾಟುಗಳಲ್ಲಿ ನಮಗೊಂದು ಪಾಲು. ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಕೂಡ ಬರೆದುಕೊಟ್ಟೆವು. ಆ ಅಧಿಕಾರಪತ್ರದ ಬಲದ ಮೇಲೆ ಯಾವ ಬ್ಯಾಂಕಿನಲ್ಲಿ ಏನೇನು ಅಡಮಾನವಾಯಿತು ಎಂಬುದು ನಮಗೆ ತಿಳಿದದ್ದು ಕೆಲಸ ನಿಂತ ಮೇಲೆ.

ಇವತ್ತು ನಮ್ಮ ಸ್ಥಿತಿ ಏನೆಂದರೆ, ಪಹಣಿಯ ಜಮೀನು ಭೂಪರಿವರ್ತನೆಯಾಗಿ ಹೋಗಿದೆ, ಬೆಳೆ ಇಡುವಂತಿಲ್ಲ. ಮಾರೋಣವೆಂದರೆ ಖರೀದಿದಾರರ ಹಕ್ಕು ಅದರ ಮೇಲಿದೆ. ಅಣ್ಣ ತಮ್ಮಂದಿರ ನಡುವೆ ಪಾಲು ಮಾಡಿಕೊಳ್ಳಲೂ ಆಗದೆ, ಮಕ್ಕಳ ಮದುವೆಗೆ ಮಾಡಿದ ಸಾಲ ಹಾಗೆಯೇ ಉಳಿದಿದೆ. ಜಂಟಿ ಒಪ್ಪಂದದಲ್ಲಿ ಜಮೀನು ಕೊಟ್ಟ ವ್ಯಕ್ತಿಗಳು ಪೂರ್ಣಗೊಂಡ ಪ್ರಮಾಣಪತ್ರ ಬಂದ ವರ್ಷದಲ್ಲಿ ಬಂಡವಾಳ ಲಾಭದ ತೆರಿಗೆ ಕಟ್ಟಿದರೆ ಸಾಕೆಂಬ ಕಾನೂನು ಬಂದದ್ದು 2017ರ ಬಜೆಟ್ಟಿನಲ್ಲಿ. ನಮ್ಮದು ಅದಕ್ಕಿಂತ ಹಿಂದಿನ ಒಪ್ಪಂದವಾದ್ದರಿಂದ, ಕೈಗೆ ಒಂದು ಫ್ಲ್ಯಾಟೂ ಬಾರದಿದ್ದರೂ ತೆರಿಗೆಯ ನೋಟಿಸು ಬಂತು.

ಇದರ ಮೇಲೆ, ರೇರಾದಲ್ಲಿ ನಮ್ಮನ್ನೂ ಪ್ರವರ್ತಕರೆಂದು ಪ್ರತಿವಾದಿಗಳನ್ನಾಗಿ ಮಾಡಿದ್ದಾರೆ. ಕಾನೂನು ಹಾಗಿದ್ದರೆ ಉತ್ತರ ಕೊಡುತ್ತೇವೆ. ಆದರೆ ಭಾನುವಾರ ಗೇಟಿನ ಮುಂದೆ ಸೇರುವವರಲ್ಲಿ ಕೆಲವರು ನಮ್ಮ ತಂದೆಯವರನ್ನು ಮೋಸಗಾರರೆಂದು ಕರೆದದ್ದು ನಮ್ಮ ಮನೆಯವರಿಗೆಲ್ಲ ಬಹಳ ನೋವು ಕೊಟ್ಟಿದೆ. ಹಣ ಕಳೆದುಕೊಂಡವರು ನೀವು, ನೆಲ ಕಳೆದುಕೊಂಡವರು ನಾವು. ಕಟ್ಟಡ ಮುಗಿಯದೆ ನಮಗೆ ಬೇರೆ ದಾರಿಯೇ ಇಲ್ಲ. ಆದ್ದರಿಂದ ಮುಗಿಸುವ ಮಾತಿಗೆ ಯಾರು ಕರೆದರೂ ಬರುತ್ತೇವೆ.

ಹೆಣ್ಣೂರು ಕಡೆಯ ಸಂಘದ ಕಾರ್ಯದರ್ಶಿ

ಮೇಲಿನ ಸಹೋದರರ ಮಾತು ಓದಿ ಇದನ್ನು ಬರೆಯುತ್ತಿದ್ದೇನೆ. ಊರಿನ ಉತ್ತರ ದಿಕ್ಕಿನಲ್ಲಿ ನಿಂತುಹೋಗಿದ್ದ ಯೋಜನೆಯೊಂದನ್ನು ಖರೀದಿದಾರರ ಸಂಘದಿಂದ ಮುಂದುವರಿಸಿದವರಲ್ಲಿ ನಾನೂ ಒಬ್ಬಳು. ನಮ್ಮ ಮೊದಲ ಸಭೆಗಳು ಬಿಲ್ಡರ್‌ನನ್ನು ಬಯ್ಯುವುದರಲ್ಲಿಯೇ ಮುಗಿಯುತ್ತಿದ್ದವು. ಜಮೀನಿನ ಮಾಲೀಕರನ್ನು ಸಭೆಗೆ ಕರೆದ ಮೇಲೆಯೇ ಕೆಲಸ ಮುಂದಕ್ಕೆ ಹೋಯಿತು, ಏಕೆಂದರೆ ಅವರ ಸಹಿ ಇಲ್ಲದೆ ನಕ್ಷೆಯ ನವೀಕರಣವೂ ಇಲ್ಲ, ಕ್ರಯಪತ್ರವೂ ಇಲ್ಲ.

ಹಣ ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. ಮೂರು ಮೂಲಗಳಿದ್ದವು. ಖರೀದಿದಾರರು ಒಪ್ಪಂದದಂತೆ ಇನ್ನೂ ಕೊಡಬೇಕಾಗಿದ್ದ ಬಾಕಿ ಮೊದಲನೆಯದು. ಕೆಲಸ ನಿಂತದ್ದರಿಂದ ಬ್ಯಾಂಕುಗಳು ತಡೆಹಿಡಿದಿದ್ದ ಕಂತುಗಳೂ ಇದರಲ್ಲಿ ಸೇರಿದವು. ಎರಡನೆಯದು, ಬಿಲ್ಡರ್ ಪಾಲಿನಲ್ಲಿ ಮಾರಾಟವಾಗದೆ ಉಳಿದ ಫ್ಲ್ಯಾಟುಗಳು. ಕಟ್ಟಡದಲ್ಲಿ ಮತ್ತೆ ಕೆಲಸ ಶುರುವಾದದ್ದು ಕಂಡ ಮೇಲೆ ಅವುಗಳಿಗೆ ಬೆಲೆ ಬಂತು, ಶುರುವಾಗುವುದಕ್ಕೆ ಮೊದಲು ಕೇಳುವವರೇ ಇರಲಿಲ್ಲ. ಮೂರನೆಯದು, ಎಲ್ಲರೂ ಅಡಿ ಲೆಕ್ಕದಲ್ಲಿ ಹಾಕಿದ ಹೆಚ್ಚುವರಿ ವಂತಿಗೆ. ಇದಕ್ಕೆ ಒಪ್ಪಿಸುವುದು ಅತ್ಯಂತ ಕಷ್ಟವಾಯಿತು, ಕೆಲವರು ಇಂದಿಗೂ ನಮ್ಮ ಮೇಲೆ ಸಿಟ್ಟಾಗಿದ್ದಾರೆ. ಅವರ ಸಿಟ್ಟಿಗೆ ಕಾರಣವಿಲ್ಲವೆಂದು ನಾನು ಹೇಳಲಾರೆ.

ಕೇಂದ್ರ ಸರ್ಕಾರ ನಿಂತುಹೋದ ವಸತಿ ಯೋಜನೆಗಳನ್ನು ಮುಗಿಸಲೆಂದು 2019ರ ನವೆಂಬರ್‌ನಲ್ಲಿ ಘೋಷಿಸಿದ ಸ್ವಾಮಿಹ್ ನಿಧಿಯನ್ನೂ ವಿಚಾರಿಸಿ ನೋಡಿ. ಸ್ಟೇಟ್ ಬ್ಯಾಂಕ್ ಸಮೂಹದ ಎಸ್‌ಬಿಐಕ್ಯಾಪ್ ವೆಂಚರ್ಸ್ ಅದನ್ನು ನಿರ್ವಹಿಸುತ್ತದೆ. ಅದರ ಮೂಲಕ 50,000 ಮನೆಗಳು ಪೂರ್ಣಗೊಂಡಿವೆ ಎಂದು 2025ರ ಬಜೆಟ್ ಭಾಷಣದಲ್ಲಿ ಹೇಳಿದ್ದಲ್ಲದೆ, 15,000 ಕೋಟಿ ರೂಪಾಯಿಯ ಎರಡನೆಯ ನಿಧಿಯನ್ನೂ ಪ್ರಕಟಿಸಿದರು. ಮೊದಲ ನಿಧಿಯ ಷರತ್ತುಗಳು ಬಿಗಿಯಾಗಿದ್ದವು: ಯೋಜನೆ ರೇರಾದಲ್ಲಿ ನೋಂದಣಿಯಾಗಿರಬೇಕು, ಬೆಂಗಳೂರಿನಲ್ಲಿ ಮನೆಯ ಬೆಲೆ 1.5 ಕೋಟಿ ರೂಪಾಯಿ ಮೀರಿರಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಉಳಿದ ಕೆಲಸದ ಖರ್ಚು ಮತ್ತು ಸಾಲಗಳಿಗಿಂತ ಬರಬೇಕಾದ ಹಣ ಹೆಚ್ಚಿರಬೇಕು. ನಮ್ಮ ಲೆಕ್ಕ ಅದಕ್ಕೆ ಹೊಂದಲಿಲ್ಲ. ನಿಮ್ಮದು ಹೊಂದಬಹುದು, ಲೆಕ್ಕ ಹಾಕದೆ ಬಿಡಬೇಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬಿಲ್ಡರ್ ತಾನಾಗಿಯೇ ಯೋಜನೆಯನ್ನು ಬೇರೆ ಕಂಪನಿಗೆ ಹಸ್ತಾಂತರಿಸುವುದಾಗಿ ಬಂದರೆ, ರೇರಾದ 15ನೇ ಕಲಮಿನ ಪ್ರಕಾರ ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಮತ್ತು ಪ್ರಾಧಿಕಾರದ ಅನುಮೋದನೆ ಬೇಕು. ಒಬ್ಬೊಬ್ಬರನ್ನೇ ಕಚೇರಿಗೆ ಕರೆದು ಸಹಿ ಪಡೆಯಲು ನೋಡುತ್ತಾರೆ. ಸಂಘದ ಸಭೆಯಲ್ಲಿ ಓದದ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಬಿ ಬ್ಲಾಕ್ ಖರೀದಿದಾರ

ಜಮೀನಿನ ಮನೆಯವರ ಮಾತು ನನ್ನ ಮನಸ್ಸಿಗೆ ತಟ್ಟಿತು. ಅವರ ತಂದೆಯವರನ್ನು ಹಾಗೆ ಕರೆದವನು ನಾನಲ್ಲ, ಆದರೂ ಆ ಗುಂಪಿನಲ್ಲಿ ನಿಂತಿದ್ದವರೆಲ್ಲರ ಪರವಾಗಿ ಅವರಲ್ಲಿ ಕ್ಷಮೆ ಕೇಳುತ್ತೇನೆ.

ಆದರೆ ನನ್ನ ಆಕ್ಷೇಪ ಪೂರ್ತಿ ಹೋಗಿಲ್ಲ. ನಮ್ಮಲ್ಲಿ ನಿವೃತ್ತಿಯ ಹಣವನ್ನೆಲ್ಲ ಹಾಕಿದ ಹಿರಿಯರಿದ್ದಾರೆ. ಅವರಿಗೆ ಇನ್ನು ಐದು ವರ್ಷ ಕಾಯುವ ಶಕ್ತಿಯೂ ಇಲ್ಲ, ಹೆಚ್ಚುವರಿ ವಂತಿಗೆ ಕೊಡುವ ಶಕ್ತಿಯೂ ಇಲ್ಲ. ಸಂಘ ಕಟ್ಟಿದರೆ ಅವರನ್ನು ಬಹುಮತದ ಹೆಸರಿನಲ್ಲಿ ಒತ್ತಾಯಿಸಬಾರದು. ಹಣ ವಾಪಸಿನ ಆದೇಶ ಪಡೆದವರು ಸಂಘಕ್ಕೆ ಸೇರಿದರೆ ಆ ಆದೇಶ ಬಿದ್ದುಹೋಗುತ್ತದೆಯೇ ಎಂಬುದನ್ನು ವಕೀಲರು ಹೇಳಬೇಕು.

ವಕೀಲರು, ಬನಶಂಕರಿ

ಸಂಘಕ್ಕೆ ಸೇರಿದ ಮಾತ್ರಕ್ಕೆ ಆದೇಶ ಬಿದ್ದುಹೋಗುವುದಿಲ್ಲ. ಆದರೆ ಒಂದೇ ಫ್ಲ್ಯಾಟಿನ ಮೇಲೆ ಹಣವನ್ನೂ ಸ್ವಾಧೀನವನ್ನೂ ಎರಡನ್ನೂ ಪಡೆಯುವಂತಿಲ್ಲ. ಒಂದು ಹಂತದಲ್ಲಿ ಆರಿಸಿಕೊಳ್ಳಲೇಬೇಕು. ಆದೇಶ ಪಡೆದವರ ಸ್ಥಾನಮಾನಕ್ಕೆ ಸಂಬಂಧಿಸಿ ಇನ್ನೊಂದು ಸಂಗತಿ: ರೇರಾದಿಂದ ಹಣ ವಾಪಸಿನ ಆದೇಶ ಪಡೆದವರೂ ದಿವಾಳಿ ಪ್ರಕ್ರಿಯೆಯಲ್ಲಿ ಉಳಿದ ಖರೀದಿದಾರರಂತೆಯೇ ಹಣಕಾಸು ಸಾಲ ಕೊಟ್ಟವರು, ಅವರನ್ನು ಬೇರೆ ವರ್ಗವಾಗಿ ನೋಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ವಿಶಾಲ್ ಚೆಲಾನಿ ಪ್ರಕರಣದಲ್ಲಿ ಹೇಳಿದೆ.

ಹಿರಿಯರ ವಿಷಯದಲ್ಲಿ ತಮ್ಮ ಆಕ್ಷೇಪವನ್ನು ನಾನು ಒಪ್ಪುತ್ತೇನೆ. 8ನೇ ಕಲಮಿನಡಿ ಸಂಘ ಸಲ್ಲಿಸುವ ಯೋಜನೆಯಲ್ಲಿಯೇ ಒಂದು ಷರತ್ತನ್ನು ಬರೆಯಬಹುದು: ಹೊರಹೋಗಲು ಇಚ್ಛಿಸುವವರ ಪಟ್ಟಿ ಮಾಡಿ, ಉಳಿದ ಫ್ಲ್ಯಾಟುಗಳ ಮಾರಾಟದಿಂದ ಬರುವ ಹಣದಲ್ಲಿ ಕಟ್ಟಡದ ಖರ್ಚು ಕಳೆದು ಮಿಕ್ಕದ್ದನ್ನು ವಯಸ್ಸು ಮತ್ತು ಕಾಯಿಲೆಯ ಆದ್ಯತೆಯ ಮೇಲೆ ಅವರಿಗೆ ಕೊಡುವುದು, ಅವರಿಂದ ವಂತಿಗೆ ಕೇಳದಿರುವುದು. ಅವರ ಫ್ಲ್ಯಾಟು ಸಂಘದ ಕೈಗೆ ಬಂದು ಅದೂ ಮಾರಾಟಕ್ಕೆ ಸಿಗುತ್ತದೆ. ಬ್ಯಾಂಕಿನ ಅಡಮಾನದ ಬಗ್ಗೆ ಹೆದರಿ ಕೂರಬೇಡಿ. ರೇರಾ ಮತ್ತು ಬ್ಯಾಂಕುಗಳು ಅಡಮಾನದ ಆಸ್ತಿಯನ್ನು ವಶಪಡಿಸಿಕೊಳ್ಳಲು ಬಳಸುವ ಸರ್ಫೇಸಿ ಕಾಯ್ದೆಯ ನಡುವೆ ಘರ್ಷಣೆ ಬಂದರೆ ರೇರಾ ಮೇಲುಗೈ ಪಡೆಯುತ್ತದೆ ಎಂಬ ರಾಜಸ್ಥಾನ ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ಬ್ಯಾಂಕನ್ನೂ ಸಭೆಗೆ ಕರೆಯಿರಿ. ಮುಗಿಯದ ಕಟ್ಟಡ ಅವರಿಗೂ ನಷ್ಟವೇ.

ವಾಜರಹಳ್ಳಿ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಸಾಲಿನ ಮನೆಗಳವರು ಸೇರಿ ಗುಂಡಿಯ ಬಗ್ಗೆ ಈಗಿನ ಪಾಲಿಕೆಗೆ ಲಿಖಿತ ದೂರು ಕೊಡಲು ತೀರ್ಮಾನಿಸಿದ್ದೇವೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗ, ಸೊಳ್ಳೆ ಬೆಳೆಯಲು ಬಿಟ್ಟ ನಗರ ಪ್ರದೇಶದ ನಿರ್ಮಾಣ ಸ್ಥಳಗಳಿಗೂ ಪಾಳು ನಿವೇಶನಗಳಿಗೂ 2,000 ರೂಪಾಯಿ ದಂಡ ನಿಗದಿಯಾಗಿತ್ತು. ದಂಡದ ಮೊತ್ತ ಸಣ್ಣದು, ಆದರೆ ದಾಖಲೆಯಲ್ಲಿ ಒಂದು ನೋಟಿಸು ಹೋಗುವುದು ಮುಖ್ಯ. ಅದಕ್ಕೂ ಮೊದಲು, ನಾವೇ ಚಂದಾ ಎತ್ತಿ ಎರಡು ಮೋಟಾರು ಇಳಿಸಿ ಗುಂಡಿಯ ನೀರನ್ನೆಲ್ಲ ಒಂದೆರಡು ದಿನಗಳಲ್ಲಿ ಖಾಲಿ ಮಾಡಿಸಿಬಿಡೋಣ ಎಂದು ಕೆಲವರು ಹೇಳುತ್ತಿದ್ದಾರೆ.

ಸ್ಟ್ರಕ್ಚರಲ್ ಎಂಜಿನಿಯರ್

ದಯವಿಟ್ಟು ಹಾಗೆ ಮಾಡಬೇಡಿ. ವರ್ಷಗಟ್ಟಲೆ ನೀರು ನಿಂತ ಗುಂಡಿಯ ಬದಿಯ ಮಣ್ಣು ಪೂರ್ತಿ ನೆನೆದಿರುತ್ತದೆ, ಮತ್ತು ಗುಂಡಿಯಲ್ಲಿರುವ ನೀರೇ ಆ ಬದಿಗೆ ಹೊರಗಿನಿಂದ ಒತ್ತು ಕೊಟ್ಟಿರುತ್ತದೆ. ನೀರನ್ನು ಒಮ್ಮೆಲೇ ತೆಗೆದರೆ ಒತ್ತು ಹೋಗುತ್ತದೆ, ಮಣ್ಣಿನೊಳಗಿನ ನೀರು ಮಾತ್ರ ಹಾಗೆಯೇ ಉಳಿದು ಹೊರಕ್ಕೆ ತಳ್ಳುತ್ತದೆ. ಬದಿ ಕುಸಿಯುವುದು ಬಹುತೇಕ ಆಗಲೇ, ಕುಸಿದರೆ ನಿಮ್ಮ ಕಾಂಪೌಂಡ್ ಗೋಡೆಯಷ್ಟಕ್ಕೇ ನಿಲ್ಲದಿರಬಹುದು. ಮಣ್ಣು ಪರೀಕ್ಷೆ ಮಾಡಿದವರ ಸಲಹೆಯಂತೆ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸುತ್ತ, ಬದಿಗೆ ಮಣ್ಣಿನ ಮೂಟೆ ಅಥವಾ ಗ್ಯಾಬಿಯನ್ (ಕಲ್ಲು ತುಂಬಿದ ತಂತಿ ಬುಟ್ಟಿ) ಆಸರೆ ಕೊಡುತ್ತ ಹೋಗಬೇಕು. ಅಲ್ಲಿಯವರೆಗೆ ಸೊಳ್ಳೆಗೆ ಗಪ್ಪಿ ಮೀನು ಬಿಡಿಸಿ, ಅಂಚಿಗೆ ಬೇಲಿ ಹಾಕಿಸಿ.

ನಿಮ್ಮ ಗೋಡೆಯ ಪ್ರತಿ ಬಿರುಕಿಗೂ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ, ದಿನಾಂಕ ಬರೆದು ಫೋಟೊ ತೆಗೆದಿಡಿ. ಪಟ್ಟಿ ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಪಾಲಿಕೆಗೆ ಕೊಡುವ ದೂರಿಗೆ ಅದೇ ಸಾಕ್ಷಿಯಾಗುತ್ತದೆ. ಸಂಘದ ಪರೀಕ್ಷಾ ವರದಿಯ ಮೊದಲ ಅಧ್ಯಾಯ ಎ ಬ್ಲಾಕ್ ಆಗಿರಬಾರದು, ಈ ಗುಂಡಿ ಆಗಿರಬೇಕು.

ಜಮೀನು ಕೊಟ್ಟ ಮನೆಯವರು

ಬಿ ಬ್ಲಾಕ್‌ನ ಸಹೋದರರ ಮಾತನ್ನು ತಂದೆಯವರಿಗೆ ಓದಿ ಹೇಳಿದೆ. ಮುಂದಿನ ಭಾನುವಾರ ನಾವು ಬರುತ್ತೇವೆ. ಜಂಟಿ ಒಪ್ಪಂದ, ಜಿಪಿಎ, ಭೂಪರಿವರ್ತನೆಯ ಆದೇಶ, ಹಳೆಯ ನಕ್ಷೆ ಎಲ್ಲದರ ಪ್ರತಿ ತರುತ್ತೇವೆ. ಎಂಜಿನಿಯರ್ ಅವರ ಪರೀಕ್ಷೆಗೆ ಗೇಟು ತೆಗೆಸಲು ಜಮೀನಿನ ಮಾಲೀಕರಾಗಿ ಲಿಖಿತ ಒಪ್ಪಿಗೆ ಕೊಡಲು ಸಿದ್ಧರಿದ್ದೇವೆ. ಅದು ಕಾನೂನಿನ ಪ್ರಕಾರ ಸಾಕೇ, ಪ್ರಾಧಿಕಾರದ ಅನುಮತಿಯೂ ಬೇಕೇ ಎಂಬುದನ್ನು ವಕೀಲರು ಮೊದಲೇ ನೋಡಿಕೊಂಡು ಬರಬೇಕೆಂದು ಕೋರುತ್ತೇವೆ. ನಮ್ಮದು ಒಂದೇ ಷರತ್ತು: ಉಳಿದ ಫ್ಲ್ಯಾಟುಗಳನ್ನು ಮಾರುವ ಪಟ್ಟಿ ಮಾಡುವಾಗ ಬಿಲ್ಡರ್ ಪಾಲು ಯಾವುದು, ನಮ್ಮ ಪಾಲು ಯಾವುದು ಎಂಬುದನ್ನು ಫ್ಲ್ಯಾಟಿನ ಸಂಖ್ಯೆಸಹಿತ ಮೊದಲ ಸಭೆಯ ನಡಾವಳಿಯಲ್ಲಿಯೇ ಬರೆಯಬೇಕು. ಅದಾದ ಮೇಲೆ ಸಹಿ ಎಲ್ಲಿ ಬೇಕಾದರೂ ಹಾಕುತ್ತೇವೆ.